ಕಂಬದ ವರದಿ ಕಂಬದ ಮೇಲೇ ಇರಲಿ

ಮುಂಬಯಿಯಲ್ಲಿ ಕಟ್ಟಡವೊಂದು ಕುಸಿದರೆ ಮರುದಿನವೇ ಹೇಳಿಕೆಗಳು ಹೊರಡುತ್ತವೆ: ಮಳೆ ಹೆಚ್ಚಾಯಿತು, ಕಟ್ಟಡ ಹಳೆಯದಾಗಿತ್ತು, ಬಾಡಿಗೆದಾರರು ಜಾಗ ಬಿಡಲಿಲ್ಲ. ಈಚೆಗೆ ಇನ್ನೊಂದು ಮಾತು ಸೇರಿಕೊಂಡಿದೆ. ಇನ್ನು ಭಯವಿಲ್ಲ, ಡಿಜಿಟಲ್ ಯುಗ ಬಂದಿದೆ. ಡ್ರೋನು ಹಾರಿ ಬಿರುಕಿನ ಚಿತ್ರ ತೆಗೆಯುತ್ತದೆ, ಕಂಬಕ್ಕೆ ಅಂಟಿಸಿದ ಸೆನ್ಸರು ಅದರ ನಡುಕವನ್ನು ಕಂಪ್ಯೂಟರಿಗೆ ತಿಳಿಸುತ್ತದೆ ಎಂದು. ಬರಲಿ, ಸಂತೋಷ. ಯಂತ್ರವೆಂದೊಡನೆ ಬೆನ್ನು ತಿರುಗಿಸುವವರು ನಾವಲ್ಲ. ನಮ್ಮ ಪ್ರಶ್ನೆ ಒಂದೇ: ಆ ಯಂತ್ರ ತಾನು ಕಂಡದ್ದನ್ನು ಯಾರಿಗೆ ಹೇಳುತ್ತದೆ? ಕಟ್ಟಡದ ಮಾಲಕನಿಗೋ, ಅದರ ಕೆಳಗೆ ಮಲಗುವವನಿಗೋ?

ಕಾಂಕ್ರೀಟು ಕಲ್ಲಿನಂತೆ ಶಾಶ್ವತವೆಂದು ನಮ್ಮಲ್ಲಿ ಅನೇಕರ ಭಾವನೆ. ಹಾಗಿಲ್ಲ. ಅದರ ಒಳಗಿನ ಕಬ್ಬಿಣದ ಸರಳುಗಳನ್ನು ಕಾಯುವುದು ಸಿಮೆಂಟಿನ ಕ್ಷಾರಗುಣ. ವರ್ಷಗಟ್ಟಲೆ ಗಾಳಿ ಹೊಕ್ಕು ಆ ಗುಣ ಕುಂದುತ್ತದೆ. ಕಡಲಿನ ಉಪ್ಪು ಒಳಗಿಳಿದರೆ ಕೇಡು ಇನ್ನೂ ಬೇಗ. ಆಮೇಲೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಜಾಗ ಬೇಕು. ಆದ್ದರಿಂದ ಅದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಹೊಟೆಲಿನ ಅಡಿಗೆಮನೆಯ ಗತಿಯನ್ನು ಕೇಳುವುದೇ ಬೇಡ. ಹಗಲಿರುಳು ಹಬೆ, ಪಾತ್ರೆ ತೊಳೆಯುವ ಮೋರಿಯ ಸೋರಿಕೆ, ಸದಾ ಒದ್ದೆಯಾದ ಕಂಬದ ಬುಡ. ಅದರ ನೇರ ಮೇಲೆಯೇ ಮಾಳಿಗೆ. ಅಲ್ಲಿ ನಮ್ಮ ಹುಡುಗರ ಚಾಪೆ!

ಇನ್ನೂ ಒಂದು ಮಾತು ನೆನಪಿಡಬೇಕು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಆರಂಭವಾದ ಅದೇ ತಿಂಗಳು ಮಹಾರಾಷ್ಟ್ರದ ಮುಖ್ಯಮಂತ್ರಿ ಅಂತುಳೆಯವರು ಗಾದಿ ಬಿಟ್ಟರು. ಯಾತಕ್ಕೆ? ಸಿಮೆಂಟು ಹಂಚಿಕೆಯ ವಿವಾದಕ್ಕೆ. ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಿಸುವಷ್ಟು ಸಿಮೆಂಟು ದುರ್ಲಭವಾಗಿದ್ದ ಕಾಲದಲ್ಲಿ ಎದ್ದು ನಿಂತ ಕಂಬಗಳನ್ನು ಇಂದು ಕಣ್ಣುಮುಚ್ಚಿ ನಂಬುವುದು ಹೇಗೆ?

ಕಂಬವನ್ನು ಒಡೆಯದೆ ಒಳಗನ್ನು ಪರೀಕ್ಷಿಸುವ ಉಪಾಯಗಳು ಹೊಸವೇನಲ್ಲ. ಸ್ಪ್ರಿಂಗಿನ ಸುತ್ತಿಗೆಯಿಂದ ಬಡಿದು ಮೇಲ್ಮೈಯ ಗಟ್ಟಿತನ ಅಳೆಯುತ್ತಾರೆ. ಕಿವಿಗೆ ಕೇಳದ ಶಬ್ದವನ್ನು ಒಳಗೆ ಹಾಯಿಸಿ ಅದರ ವೇಗ ನೋಡುತ್ತಾರೆ. ಸಾಮಾನ್ಯ ಕಾಂಕ್ರೀಟಿನಲ್ಲಿ ಅದು ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ಕೆಳಗಿಳಿದರೆ ಸಂಶಯಪಡಬೇಕು. ಈಗ ಬಂದಿರುವ ಲೇಸರು ಯಂತ್ರವೋ ಇಡೀ ಕಟ್ಟಡವನ್ನು ಇದ್ದಂತೆಯೇ ಅಳೆದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತದೆ. ಪಾಲಿಕೆ ಮಂಜೂರು ಮಾಡಿದ ನಕ್ಷೆಯನ್ನು ಅದರ ಪಕ್ಕಕ್ಕೆ ಇಟ್ಟರೆ, ನಾಲ್ಕು ಮೇಜು ಹೆಚ್ಚು ಹಾಕಲು ಯಾವ ಗೋಡೆ ಕೆಡವಿದರು, ಯಾವ ಕಂಬ ಕೊರೆದರು ಎಂಬುದೆಲ್ಲ ಬಯಲು. ಕೆಲವು ಧಣಿಗಳಿಗೆ ಈ ಯಂತ್ರ ಯಾಕೆ ರುಚಿಸುವುದಿಲ್ಲವೆಂದು ಬಿಡಿಸಿ ಹೇಳಬೇಕೆ? 2017ರ ಜುಲೈ 25ರಂದು ಘಾಟ್‌ಕೋಪರಿನಲ್ಲಿ ಕಟ್ಟಡ ಕುಸಿದು 17 ಜನ ಸತ್ತಾಗ, ನೆಲಮಹಡಿಯ ಬದಲಾವಣೆಯಲ್ಲಿ ಕಂಬಗಳಿಗೆ ಕೈಹಾಕಿದರೆಂಬುದೇ ಮುಖ್ಯ ಆರೋಪವಾಗಿತ್ತು.

ಹಾಗಾದರೆ ವರದಿ ಬಂದರೆ ಸಾಕೆ? ಸಾಲದು. 2019ರ ಮಾರ್ಚ್ 14ರ ಸಂಜೆ ಛತ್ರಪತಿ ಶಿವಾಜಿ ಟರ್ಮಿನಸ್ಸಿನ ಬಳಿ ಪಾದಚಾರಿ ಸೇತುವೆಯ ಹಾಸು ಕಳಚಿ ಬಿದ್ದು ಏಳು ಜನ ಸತ್ತರು. ಅವರಲ್ಲಿ ಮೂವರು ರಾತ್ರಿ ಪಾಳಿಗೆ ಹೊರಟಿದ್ದ ದಾದಿಯರು. ಆ ಸೇತುವೆಯ ಪರೀಕ್ಷೆ ಆಗಿತ್ತು! ಸಣ್ಣಪುಟ್ಟ ದುರಸ್ತಿ ಸಾಕೆಂಬ ವರದಿಯೂ ಇತ್ತು. ಆ ವರದಿಯನ್ನು ದಿನಾ ಅದರ ಮೇಲೆ ನಡೆಯುವವರು ಯಾರೂ ಓದಿರಲಿಲ್ಲ; ಓದುವ ದಾರಿಯೂ ಇರಲಿಲ್ಲ. ಫೈಲಿನಲ್ಲಿ ಕೂತ ಸುಳ್ಳು ನಾಳೆ ಕಂಪ್ಯೂಟರಿನಲ್ಲಿ ಕೂತರೆ ಅದು ನಿಜವಾಗಿಬಿಡುತ್ತದೆಯೆ?

2013ರ ಸೆಪ್ಟೆಂಬರ್ 27ರಂದು ಡಾಕ್‌ಯಾರ್ಡ್ ರಸ್ತೆಯಲ್ಲಿ 61 ಜೀವ ತೆಗೆದ ಕಟ್ಟಡವಂತೂ ಪಾಲಿಕೆಯದೇ; ಅಲ್ಲಿದ್ದ ಮನೆಗಳಲ್ಲಿ ಪಾಲಿಕೆಯ ನೌಕರರ ಸಂಸಾರಗಳು. ಕಟ್ಟಡಕ್ಕೆ ಬಾಬು ಗೇನುವಿನ ಹೆಸರು. 1930ರಲ್ಲಿ ವಿದೇಶಿ ಬಟ್ಟೆಯ ಲಾರಿಯನ್ನು ತಡೆದು ಅದರ ಚಕ್ರದಡಿ ಪ್ರಾಣ ಬಿಟ್ಟ ಗಿರಣಿ ಕಾರ್ಮಿಕ ಆತ. ಹೆಸರಿಡುವುದು ಸುಲಭ ಸ್ವಾಮಿ, ಕಂಬಕ್ಕೆ ಬಲ ಕೊಡುವುದಕ್ಕೆ ದುಡ್ಡು ಬೇಕು.

ಬಲ ಕೊಡುವುದೆಂದರೆ ಬಿರುಕಿಗೆ ಗಾರೆ ಮೆತ್ತಿ ಸುಣ್ಣ ಬಳಿಯುವುದಲ್ಲ. ಮೊದಲು ಆಸರೆ ಕೊಟ್ಟು ಭಾರ ಇಳಿಸಬೇಕು. ಸಡಿಲಾದ ಕಾಂಕ್ರೀಟು ಕೆತ್ತಿ, ಸರಳಿನ ತುಕ್ಕು ಉಜ್ಜಿ, ಸವೆದಲ್ಲಿ ಹೊಸ ಸರಳು ಕಟ್ಟಿ, ಕಂಬದ ಸುತ್ತ ಹೊಸ ಕಾಂಕ್ರೀಟಿನ ಕವಚ ಹಾಕಬೇಕು. ಜಾಗ ಇಕ್ಕಟ್ಟಾದರೆ ಇಂಗಾಲದ ನಾರಿನ ಪಟ್ಟಿಯನ್ನು ಅಂಟಿನಿಂದ ಸುತ್ತುವ ಕ್ರಮವೂ ಉಂಟು. ಆದರೆ ಒಳಗಿನ ತುಕ್ಕು ನಿಲ್ಲಿಸದೆ ಮೇಲೆ ಪಟ್ಟಿ ಸುತ್ತಿದರೆ ಅದು ಹುಣ್ಣು ತೊಳೆಯದೆ ಬಟ್ಟೆ ಕಟ್ಟಿದ ಹಾಗೆ. ಸೋರುವ ಮೋರಿಯನ್ನು ಹಾಗೆಯೇ ಬಿಟ್ಟರೆ ಎಲ್ಲವೂ ವ್ಯರ್ಥ.

ನಮ್ಮವರಲ್ಲೇ ಕೆಲವು ಹಿರಿಯರು ಹೇಳುತ್ತಾರೆ: “ಬಾಯಿ ಮುಚ್ಚಿಕೊಂಡಿರಿ ಮಾರಾಯ್ರೆ. ಪಾಲಿಕೆಯವರು ಬಂದು ಹೊಟೆಲಿಗೆ ಬೀಗ ಹಾಕಿದರೆ ಊರಿಗೆ ಕಳಿಸುವ ದುಡ್ಡಿಗೇನು ಮಾಡುತ್ತೀರಿ?” ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂದು ತಿಂಗಳ ಸಂಬಳ ನಿಂತರೆ ಊರಿನ ಮನೆಯ ಒಲೆ ತಣ್ಣಗಾಗುತ್ತದೆಂದು ನಮಗೂ ಗೊತ್ತು. ಆದ್ದರಿಂದಲೇ ದುರಸ್ತಿಯ ದಿನಗಳ ಸಂಬಳವನ್ನೂ ಮಲಗಲು ಬೇರೆ ಜಾಗವನ್ನೂ ದುರಸ್ತಿಯ ಖರ್ಚಿಗೇ ಸೇರಿಸಬೇಕೆಂದು ನಮ್ಮ ಬೇಡಿಕೆ. ಅದು ಧಣಿಯ ದಾನವಲ್ಲ. ಬೀಗದ ಭಯವನ್ನು ನಮ್ಮ ಹೆಗಲಿಗೆ ಹೊರಿಸಿ, ನಮ್ಮ ಮೌನದಿಂದ ತಮ್ಮ ಖರ್ಚು ಉಳಿಸಿಕೊಳ್ಳುವುದು ಯಾವ ನ್ಯಾಯ?

ಮೂವತ್ತು ವರ್ಷ ತುಂಬಿದ ಕಟ್ಟಡವನ್ನು ಪರೀಕ್ಷೆ ಮಾಡಿಸಬೇಕೆಂದು ಮುಂಬಯಿ ಪಾಲಿಕೆಯ ಕಾನೂನಿನ 353-ಬಿ ಕಲಮು ಹೇಳುತ್ತದೆ. ಆ ಪರೀಕ್ಷೆಯ ವರದಿ, ಅಳತೆಯ ಅಂಕಿಗಳು, ಇಂಜಿನಿಯರರ ಹೆಸರು, ಮುಂದಿನ ಪರೀಕ್ಷೆಯ ತಾರೀಕು ಎಲ್ಲವನ್ನೂ ಕನ್ನಡ, ಮರಾಠಿ, ಹಿಂದಿಗಳಲ್ಲಿ ಬರೆದು ಕಂಬಕ್ಕೇ ತೂಗುಹಾಕಬೇಕೆಂದು ನಾವು ಕೇಳುತ್ತೇವೆ. ತಿಂಡಿಯ ದರಪಟ್ಟಿಗೆ ಗೋಡೆಯಲ್ಲಿ ಜಾಗ ಇರುವಾಗ ಇದಕ್ಕೂ ಒಂದು ಮೊಳ ಸಿಗಲಾರದೆ? ಸೆನ್ಸರು ಹಾಕಿದರೆ ಅದರ ಎಚ್ಚರಿಕೆ ಮಾಲಕರ ಮೊಬೈಲಿಗೆ ಮಾತ್ರ ಹೋಗದೆ ಮಾಳಿಗೆಯಲ್ಲಿ ಗಂಟೆಯಾಗಿ ಮೊಳಗಬೇಕು.

ಅಲ್ಲಿಯವರೆಗೆ, ಬಂಧುಗಳೇ, ಇಂದು ರಾತ್ರಿ ಮಲಗುವ ಮುಂಚೆ ತಲೆಯ ಮೇಲಿನ ತೊಲೆಯನ್ನು ಒಮ್ಮೆ ನೋಡಿರಿ. ಸರಳಿನ ಗೆರೆಯಲ್ಲೇ ಬಿರುಕು ಓಡಿದೆಯೆ, ಕಂದು ನೀರಿನ ಕಲೆ ಇದೆಯೆ, ಬಡಿದರೆ ಟೊಳ್ಳು ಸದ್ದು ಬರುತ್ತದೆಯೆ, ನಿನ್ನೆ ಮುಚ್ಚುತ್ತಿದ್ದ ಬಾಗಿಲು ಇಂದು ಸಿಕ್ಕಿಕೊಳ್ಳುತ್ತದೆಯೆ? ಪುಡಿ ಉದುರುತ್ತಿದ್ದರೆ, ಬಿರುಕು ಬೆಳೆಯುತ್ತಿದ್ದರೆ ಬೆಳಗಿನವರೆಗೆ ಕಾಯದೆ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಗೆ ಬನ್ನಿರಿ. ಉಳಿದ ಗುರುತುಗಳನ್ನು ತಾರೀಕು ಹಾಕಿ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು ಸಂಘದ ಕಚೇರಿಗೆ ತನ್ನಿರಿ. ಪಾಲಿಕೆಯ ವಾರ್ಡು ಕಚೇರಿಗೆ ಅರ್ಜಿಯನ್ನು ಒಬ್ಬೊಬ್ಬರ ಹೆಸರಿನಲ್ಲಿ ಕೊಡುವುದು ಬೇಡ, ಸಂಘದ ಹೆಸರಿನಲ್ಲೇ ಕೊಡೋಣ.