ಕಾಲುವೆ ದಂಡೆಯ ಕನ್ನಡ

ನಿಜಾಮ್ ಸರ್ಕಾರ 1929ರಲ್ಲಿ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಹೊರಡಿಸಿ, ಮೊದಲೇ ಅನುಮತಿ ಪಡೆಯದ ಸಭೆಗಳಿಗೆ ತಡೆ ಹಾಕಿತು. ರಾಜಕೀಯದ ಬಾಯಿ ಕಟ್ಟಿದಾಗ ಕಲಬುರಗಿ, ರಾಯಚೂರು ಸೀಮೆಯ ಕನ್ನಡಿಗರಿಗೆ ಉಳಿದದ್ದು ಶಾಲೆ, ವಾಚನಾಲಯ, ಸಾಹಿತ್ಯ ಸಭೆ. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಪಂಜೆ ಮಂಗೇಶರಾಯರು. ಮಕ್ಕಳ ಪದ್ಯ ಬರೆದ ಸೌಮ್ಯ ಕವಿ. ಆದರೆ ಕಚೇರಿ, ಕೋರ್ಟು, ಉಸ್ಮಾನಿಯಾ ವಿಶ್ವವಿದ್ಯಾಲಯ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದ ನಾಡಿನಲ್ಲಿ ಜನ ಒಟ್ಟಿಗೆ ಕೂತು ಕನ್ನಡ ಕೇಳುವುದೇ ಪ್ರತಿಭಟನೆಯಾಗಿತ್ತು.

ಆ ಜಗಳ ಇದ್ದದ್ದು ಕಚೇರಿಯ ಜತೆ, ಉರ್ದುವಿನ ಜತೆಗಲ್ಲ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದವರಿಗೆ ಇದು ಗೊತ್ತು: ಅಲ್ಲಿನ ಜಯಘೋಷದಲ್ಲಿ ಪೀರರೂ ಇದ್ದಾರೆ, ಉರ್ದುವೂ ಇದೆ. ನಾರಾಯಣಪುರದ ಸಮೀಪದ ಕೊಡೇಕಲ್ ಬಸವಣ್ಣನ ಪರಂಪರೆಯೂ ಹಿಂದೂ–ಮುಸ್ಲಿಂ ಗೆರೆ ಅಳಿಸಿಕೊಂಡೇ ಬಂದದ್ದು. ನಿಜಾಮ್ ಆಳ್ವಿಕೆ ಕೊನೆಗೊಂಡ ನೆನಪಿನ ಸೆಪ್ಟೆಂಬರ್ 17ರ ಕೆಲವು ಭಾಷಣಗಳಿಗೆ ಮಾತ್ರ ತಿಂಥಣಿ ನೆನಪಾಗುವುದಿಲ್ಲ.

1956ರ ಏಕೀಕರಣದ ನಂತರ ಕಚೇರಿಗೆ ಕನ್ನಡ ಬಂತು, ಜಗಳ ಮುಗಿಯಲಿಲ್ಲ; ಅದು ನೀರಿನತ್ತ ತಿರುಗಿತು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆಯ ಜಾಲ ಸುರಪುರ, ಶಹಾಪುರ ದಾಟಿ ಜೇವರ್ಗಿಯವರೆಗೆ ಹಬ್ಬಿದೆ. ಅರೆನೀರಾವರಿ ಬೆಳೆಗೆಂದು ರೂಪಿಸಿದ ಯೋಜನೆ ಇದು. ಕಾಲುವೆಯ ಮೇಲ್ಭಾಗದವರು ಭತ್ತ ನಾಟಿ ಮಾಡಿ ಕೂತರೆ ಕೊನೆಯಂಚಿನವರ ಮೆಣಸಿನಕಾಯಿ, ಶೇಂಗಾ ಒಣಗುತ್ತವೆ; ಎಲ್ಲ ತಪ್ಪನ್ನೂ ಸರ್ಕಾರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಬೇಸಿಗೆ ಹತ್ತಿರವಾದಂತೆ ಭೀಮರಾಯನಗುಡಿಯ ನೀರಾವರಿ ಕಚೇರಿ ಮುಂದೆ ‘ಕಾಲುವಿಗೆ ನೀರ್ ಬಿಡ್ರಿ’ ಎಂದು ಕೂಗುವ ದನಿಯಲ್ಲೇ ಈ ಸೀಮೆಯ ಅಸ್ಮಿತೆ ಇದೆ ಎಂದು ನನಗನ್ನಿಸುತ್ತದೆ. ನಾಡಹಬ್ಬದ ಸ್ತಬ್ಧಚಿತ್ರದಲ್ಲಿ ಅದು ಕಾಣುವುದಿಲ್ಲ.

ಆಳುವವರಿಗೆ ಹೆಸರಿಡುವುದು ಸುಲಭ. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ’ವಾಯಿತು. ಅದಕ್ಕೂ ಮೊದಲು, ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ, ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲು ಕೊಡುವ 371(ಜೆ) ವಿಧಿ ಬಂತು. ವಿಧಿ ಬಂದರೂ ಹುದ್ದೆ ತುಂಬಿ ಎಂದು ಕೇಳಲು ಮತ್ತೆ ಬೀದಿಗೆ ಇಳಿಯಬೇಕಾಯಿತು.

ಪೆಸಿಫಿಕ್‌ನ ಗುವಾಮ್ ದ್ವೀಪದ ಚಮೋರು ಜನರ ಕಥೆಯೂ ಇಂಥದೇ. 1898ರಿಂದ ಅಮೆರಿಕದ ಕೈಯಲ್ಲಿರುವ ಆ ದ್ವೀಪದಲ್ಲಿ ನೌಕಾಪಡೆಯ ಆಡಳಿತ ಶಾಲೆಗಳಿಂದ ಚಮೋರು ಭಾಷೆಯನ್ನು ಹೊರಗಿಟ್ಟಿತು. ಮೂಲನಿವಾಸಿಗಳಿಗೆ ಜಮೀನು ಗುತ್ತಿಗೆ ಕೊಡುವ ಕಾನೂನು 1975ರಲ್ಲೇ ಆಗಿತ್ತು. ಏಂಜೆಲ್ ಸಾಂತೋಸ್ ಮತ್ತು ‘ನಾಸಿಯೋನ್ ಚಮೋರು’ ಸಂಘಟನೆ 1990ರ ದಶಕದಲ್ಲಿ ಬೀದಿಗೂ ಕೋರ್ಟಿಗೂ ಹೋಗುವ ತನಕ ಅದು ಕಡತದಲ್ಲೇ ಮಲಗಿತ್ತು. ನುಡಿಯ ಹಕ್ಕು ಕೇಳಿದವರೇ ನೆಲವನ್ನೂ ಕೇಳಿದರು.

ನಮ್ಮಲ್ಲಿ ಕೇಳುವ ಜಾಗವೇ ಕಿರಿದಾಗುತ್ತಿದೆ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಧರಣಿಗೆ ಇರುವುದು ಸ್ವಾತಂತ್ರ್ಯ ಉದ್ಯಾನವೊಂದೇ. ಹುಣಸಗಿಯ ರೈತ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಬೇಲಿಯೊಳಗೆ ಕೂತರೆ ಯಾರ ಕಿವಿಗೆ ಬಿದ್ದೀತು? ಕಾಲುವೆಗೆ ನೀರು ಬಿಡುವುದನ್ನು ನಿರ್ಧರಿಸುವ ನೀರಾವರಿ ಸಲಹಾ ಸಮಿತಿಯ ಸಭೆಯನ್ನಾದರೂ ಪ್ರತಿ ಹಂಗಾಮಿಗೆ ಮೊದಲು ಭೀಮರಾಯನಗುಡಿಯಲ್ಲೋ ನಾರಾಯಣಪುರದಲ್ಲೋ ನಡೆಸಿ, ಕೊನೆಯಂಚಿನ ರೈತರಿಗೆ ಮಾತಾಡಲು ಬಿಡಬೇಕು. ಗೇಟು ಎತ್ತುವ, ಇಳಿಸುವ ತಾರೀಖುಗಳನ್ನು ಸಚಿವರು ಅಲ್ಲೇ, ಅವರೆದುರೇ ಹೇಳಲಿ.