ತಲೆ ಬೋಳಿಸುವ ಮುನ್ನ

ಕಾರ್ತಿಕ ಮುಗಿಯುತ್ತಿದ್ದ ದಿನಗಳು. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಿಂದ ಅಜ್ಜಿಯೊಬ್ಬರು ಎಂಟನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದರು. ಸೆರಗಿನ ಗಂಟು ಬಿಚ್ಚಿ ಕೂದಲಿನ ಉಂಡೆಯೊಂದನ್ನು ಮೇಜಿನ ಮೇಲಿಟ್ಟರು.

"ಮೂರು ದಿನದ್ದು ನೋಡ್ರಿ ಡಾಕ್ಟ್ರೇ. ಬೋರಿನ ನೀರಿನ ಕಾಟ ಇದು. ಸೋಮವಾರ ತಲೆ ಬೋಳಿಸಿಬಿಡ್ತೀವಿ, ಮತ್ತ ದಟ್ಟಗ ಬರ್ತೈತಿ."

ಹುಡುಗಿ ತಲೆ ಎತ್ತಲಿಲ್ಲ. ವಾರದಿಂದ ಶಾಲೆಗೂ ಹೋಗಿಲ್ಲವಂತೆ.

ತಲೆ ಪರೀಕ್ಷಿಸಿದೆ. ಎಲ್ಲೂ ನಾಣ್ಯದಗಲ ಬೋಳಾಗಿರಲಿಲ್ಲ. ಹೊಟ್ಟು, ಕೀವು ಇರಲಿಲ್ಲ. ಇಡೀ ತಲೆಯ ಕೂದಲು ಒಂದೇ ಸಮ ತೆಳುವಾಗಿತ್ತು. ಸುಮಾರು 50 ಕೂದಲು ಹಿಡಿದು ಮೆಲ್ಲಗೆ ಎಳೆದೆ. 8 ಕೈಗೆ ಬಂದವು. ಒಂದೊಂದರ ಬುಡದಲ್ಲೂ ಬಿಳಿಯ ಪುಟ್ಟ ಗಂಟು. ತುಂಡಾದ ಕೂದಲಲ್ಲ, ಬುಡದಿಂದ ಕಳಚಿದ್ದು. ಗಡಸು ನೀರು ಕೂದಲನ್ನು ಒರಟು ಮಾಡೀತು, ಹೀಗೆ ಕಳಚುವುದಿಲ್ಲ.

"ಹಿಂದೆ ಜ್ವರ ಬಂದಿತ್ತಾ?"

"ಗಣೇಶನ ಹಬ್ಬಕ್ಕ ಡೆಂಗಿ ಆಗಿತ್ರಿ. ಅದಕ್ಕೂ ಇದಕ್ಕೂ ಏನ್ರಿ ಸಂಬಂಧ?"

ಸಂಬಂಧ ಇದೆ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ನೂರಕ್ಕೆ 85-90 ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿದ್ದು ಒಂದೊಂದಾಗಿ ಉದುರುತ್ತವೆ. ದಿನಕ್ಕೆ 50ರಿಂದ 100 ಹೋಗುವುದು ಸಹಜ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ಸೊರಗುವುದು, ದೊಡ್ಡ ದುಃಖ – ಇಂಥ ಪೆಟ್ಟು ಬಿದ್ದಾಗ ಬೆಳೆಯುವ ಕೂದಲೂ ರಾಶಿ ರಾಶಿ ವಿಶ್ರಾಂತಿಗೆ ಹೋಗುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ. ನೀರು, ಎಣ್ಣೆ, ಸೋಪಿನ ಮೇಲೆ ಗೂಬೆ ಕೂರಿಸುತ್ತೇವೆ.

ಆದರೂ ಜ್ವರವೊಂದೇ ಕಾರಣವೆಂದು ನಾನು ಸುಮ್ಮನಾಗಲಿಲ್ಲ. ಹುಡುಗಿಯ ಕೆಳರೆಪ್ಪೆಯ ಒಳಭಾಗ ಬಿಳಿಚಿತ್ತು. ಒಬ್ಬಳನ್ನೇ ಕೂರಿಸಿ ಕೇಳಿದಾಗ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಎಂದಳು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ವಾಕರಿಕೆಯೆಂದು ಎಸೆಯುತ್ತಿದ್ದಳಂತೆ! ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್ ಸರಿಯಿತ್ತು. ಮೊದಲೆರಡೂ ಕಡಿಮೆ. ಫೆರಿಟಿನ್ ಎಂದರೆ ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ. ಆ ಕಣಜ ಖಾಲಿಯಾಗಿತ್ತು.

"ಅಜ್ಜಿ, ಕ್ಷೌರದ ಕತ್ತಿ ಬೇರಿಗೆ ಮುಟ್ಟೋದಿಲ್ಲ. ಬೋಳಿಸಿದರೆ ಕೂದಲು ದಟ್ಟವಾಗೋದಿಲ್ಲ. ಉದುರೋದು ಕಾಣದಂತಾಗುತ್ತದೆ, ರಕ್ತ ಕಡಿಮೆಯಿರೋದೂ ಮುಚ್ಚಿಹೋಗುತ್ತಿತ್ತು" ಎಂದೆ. ಮಾತ್ರೆಯನ್ನು ಊಟವಾದ ಮೇಲೆ ನಿಂಬೆ ಪಾನಕದ ಜೊತೆ ಕೊಡಿ, ಚಹಾದ ಜೊತೆ ಬೇಡ ಎಂದು ಹೇಳಿ ಕಳಿಸಿದೆ. ಮುಟ್ಟಿನ ತೊಂದರೆಗೂ ಚಿಕಿತ್ಸೆ ಶುರುವಾಯಿತು.

ಯುಗಾದಿಯ ಹೊತ್ತಿಗೆ ಇಬ್ಬರೂ ಮತ್ತೆ ಬಂದರು. ಹುಡುಗಿಯ ಹಣೆಯಂಚಿನಲ್ಲಿ ಬೆರಳುದ್ದದ ಹೊಸ ಕೂದಲು ನಿಮಿರಿ ನಿಂತಿತ್ತು. "ಎಷ್ಟು ಎಣ್ಣೆ ಹಚ್ಚಿದ್ರೂ ಕೂರವಲ್ದು" ಎಂದು ಅಜ್ಜಿ ದೂರಿದರು. ಹುಡುಗಿ ನಕ್ಕಳು.

ನಿಮ್ಮ ಮನೆಯಲ್ಲೂ ಹೀಗೆ ಉದುರುತ್ತಿದ್ದರೆ ಮೊದಲು ಕ್ಯಾಲೆಂಡರಿನ ಮೂರು ಹಾಳೆ ಹಿಂದೆ ತಿರುವಿ ನೋಡಿ. ಅಲ್ಲಲ್ಲಿ ಬೋಳಾಗಿದ್ದರೆ, ಕೀವು ಹೊಟ್ಟು ಇದ್ದರೆ, ಸುಸ್ತು ಕಾಡಿದರೆ, ಆರು ತಿಂಗಳಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.