ಶಾಪ ಅಂತೆ, ಶಾಪ!

ಮೊನ್ನೆ ಭಾನುವಾರ ಮಗನ ಗೆಳೆಯರಿಬ್ಬರು ಮನೆಗೆ ಬಂದಿದ್ದರು. ಇಬ್ಬರೂ ಡೆಟ್ರಾಯ್ಟ್ ಕಡೆ ನಾಲ್ಕೈದು ವರ್ಷ ಇದ್ದು ಪುಣೆಗೆ ವಾಪಸ್ ಬಂದವರು. (ಇಲ್ಲಿ ಪಿಂಪ್ರಿ-ಚಿಂಚವಾಡದಲ್ಲಿ ಗಾಡಿ ಪಾರ್ಟ್ಸ್ ಕೆಲಸ ಮಾಡೋರ ಬಳಗದಲ್ಲಿ ಒಬ್ಬನಾದ್ರೂ ಡೆಟ್ರಾಯ್ಟ್ ನೋಡಿದವನು ಇದ್ದೇ ಇರ್ತಾನೆ.) ಅವಲಕ್ಕಿ ತಟ್ಟೆ ಮುಂದಿಟ್ಟುಕೊಂಡು ಜಗಳ ಶುರು. ಒಬ್ಬ ಹೇಳಿದ, ಸ್ಟಾಫರ್ಡ್ ಹನ್ನೆರಡು ವರ್ಷ ಸಂಬಳ ತಿಂದು ಒಂದು ಪ್ಲೇಆಫ್ ಗೆಲ್ಲಿಸಲಿಲ್ಲ, ಕೊನೆಗೆ ಊರು ಬಿಟ್ಟು ಓಡಿದ. ಇನ್ನೊಬ್ಬ, ಪಾಪ ಅವನೇನು ಮಾಡ್ತಾನೆ, ಆ ಟೀಮಿಗೆ ಬಾಬಿ ಲೇನ್ ಶಾಪ ಇತ್ತಲ್ಲ, ಅಂದ. ನಾನು ಸುಮ್ನೆ ಚಹಾ ಕುಡೀತಾ ಕೂತಿದ್ದೆ. ಅತಿಥಿಗಳು ನೋಡಿ! ಆಗ ನುಂಗಿಕೊಂಡದ್ದನ್ನು ಇಲ್ಲಿ ಕಕ್ತಾ ಇದೀನಿ. ನನ್ನ ಪ್ರಕಾರ ಇಬ್ಬರೂ ತಪ್ಪು, ಎರಡನೆಯವನು ಇನ್ನೂ ಹೆಚ್ಚು ತಪ್ಪು.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದವರ ಫುಟ್ಬಾಲ್ ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವಂಥದ್ದು. ಚೆಂಡು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಡೆಟ್ರಾಯ್ಟ್ ಲಯನ್ಸ್‌ಗೆ 1950ರಿಂದ ಬಾಬಿ ಲೇನ್ ಅನ್ನೋನು ಆ ಜಾಗದಲ್ಲಿದ್ದ. 1952, 1953, 1957, ಮೂರು ಸಲ ಚಾಂಪಿಯನ್. 1957ರ ಕೊನೆಯಲ್ಲಿ ಅವನ ಕಾಲು ಮುರೀತು, ಟೋಬಿನ್ ರೋಟ್ ಬಂದು ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸನ್ನು 59-14ಕ್ಕೆ ಚಚ್ಚಿದ. ಮುಂದಿನ ವರ್ಷ ಸೀಸನ್ ಶುರುವಾಗಿ ಎರಡೇ ಆಟಕ್ಕೆ ಲೇನ್‌ನನ್ನು ಪಿಟ್ಸ್‌ಬರ್ಗ್‌ಗೆ ಸಾಗಹಾಕಿದರು. ಹೋಗ್ತಾ ಅವನು, ಈ ಟೀಮು ಐವತ್ತು ವರ್ಷ ಗೆಲ್ಲೋದಿಲ್ಲ ಅಂದನಂತೆ.

ಅಂದನಂತೆ! ಆ ಕಾಲದ ಪೇಪರುಗಳಲ್ಲಿ ಈ ಮಾತು ಯಾರಿಗೂ ಸಿಕ್ಕಿಲ್ಲ. ಗೆಲ್ಲೋದಿಲ್ಲ ಅಂದ್ರೆ ಏನನ್ನ? ಆಟವನ್ನೋ, ಪ್ಲೇಆಫನ್ನೋ, ಕಪ್ಪನ್ನೋ? ಹೇಳುವವರ ಅನುಕೂಲ. ಐವತ್ತು ವರ್ಷ ಕಳೆದ 2008ರಲ್ಲಿ ಲಯನ್ಸ್ ಹದಿನಾರಕ್ಕೆ ಹದಿನಾರೂ ಸೋತಾಗ ಎಲ್ಲರಿಗೂ ರೋಮಾಂಚನ. ನೋಡಿದ್ರಾ, ಲೆಕ್ಕ ಸರಿಯಾಯ್ತು! ಹಾಗಾದ್ರೆ 1992ರ ಜನವರಿಯಲ್ಲಿ ಡಲ್ಲಾಸನ್ನು 38-6ಕ್ಕೆ ಸೋಲಿಸಿದ ಪ್ಲೇಆಫ್ ಯಾರ ಲೆಕ್ಕಕ್ಕೆ? ಅವಧಿ ಮುಗಿದ ಮೇಲೂ ಮುಂದಿನ ಪ್ಲೇಆಫ್ ಗೆಲುವಿಗೆ 2024ರವರೆಗೆ ಕಾಯಬೇಕಾಯ್ತಲ್ಲ, ಅದಕ್ಕೆ ಬಡ್ಡಿ ಅನ್ನಬೇಕೋ? 2017ರಲ್ಲಿ ಕ್ಲೀವ್‌ಲ್ಯಾಂಡ್ ಕೂಡ ಹದಿನಾರೂ ಸೋತಿತು, ಅಲ್ಲಿ ಯಾವ ಲೇನ್ ಇದ್ದ? ಅಲಮೇಲಮ್ಮನ ಕಥೆ ಕೇಳಿ ಬೆಳೆದ ನಮಗೆ ಶಾಪ ಹೊಸದೇನಲ್ಲ. ಆದ್ರೆ ತಲಕಾಡಲ್ಲಿ ತೋರಿಸೋಕೆ ಮರಳಾದ್ರೂ ಇದೆ ಮಾರಾಯ್ರೆ :-)

2008ರ ಕೊನೆಯಲ್ಲಿ ಕಂಪನಿ ಕೆಲಸಕ್ಕೆ ನಾನೂ ಅಲ್ಲಿ ಮೂರು ತಿಂಗಳಿದ್ದೆ. ಕಾರು ಕಂಪನಿಗಳೇ ಮುಳುಗ್ತಾ ಇದ್ದ ಕಾಲ. ಅಭಿಮಾನಿಗಳು ತಲೆಗೆ ಕಾಗದದ ಚೀಲ ಹಾಕ್ಕೊಂಡು ಸ್ಟೇಡಿಯಮ್ಮಿಗೆ ಹೋಗ್ತಿದ್ರು. ನಮ್ಮ ಜೊತೆ ಕೆಲಸ ಮಾಡ್ತಿದ್ದ ಟೂಲ್ ರೂಮಿನ ಹಿರಿಯರೊಬ್ಬರು ಶಾಪದ ಮಾತೆತ್ತಿದರೆ ಉರಿದು ಬೀಳ್ತಿದ್ರು. ಅವರ ಬಾಯಲ್ಲಿ ಇದ್ದದ್ದು ಒಂದೇ ಹೆಸರು: ಮ್ಯಾಟ್ ಮಿಲ್ಲನ್. 2001ರಲ್ಲಿ ಟೀಮಿನ ಯಜಮಾನಿಕೆ ಹಿಡಿದ ಈತ 2003, 2004, 2005, ಮೂರು ವರ್ಷವೂ ಮೊದಲ ಸುತ್ತಿನ ಆಯ್ಕೆಯನ್ನು ಚೆಂಡು ಹಿಡಿಯುವವರ ಮೇಲೇ ಖರ್ಚು ಮಾಡಿದ. ಮನೆಗೆ ಗೋಡೆ ಇಲ್ಲ, ವರ್ಷಕ್ಕೊಂದು ಟಿವಿ! 2005ರಲ್ಲಿ ಮಾಲೀಕ ವಿಲಿಯಂ ಕ್ಲೇ ಫೋರ್ಡ್ ಇವನ ಕರಾರು ಮುಂದುವರಿಸಿದರು. ಆ ಡಿಸೆಂಬರ್‌ನಲ್ಲಿ ಜನ ಸಿಟ್ಟಿಗೆದ್ದು ಎದುರಾಳಿ ಸಿನ್ಸಿನಾಟಿಯ ಕಿತ್ತಳೆ ಬಣ್ಣ ತೊಟ್ಟು ಕೂತರು. ಮಿಲ್ಲನ್‌ನನ್ನು ತೆಗೆದದ್ದು 2008ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ 31 ಗೆಲುವು, 84 ಸೋಲು. ಇದರಲ್ಲಿ ಲೇನ್ ಎಲ್ಲಿ ಬಂದ ಹೇಳಿ? ಅವನು 1986ರಲ್ಲೇ ಸತ್ತಿದ್ದ.

ನನಗೆ ಯಾಕಿಷ್ಟು ಸಿಟ್ಟು ಅಂದ್ರೆ, ತೊಂಬತ್ತರ ದಶಕದಲ್ಲಿ ನಾನಿದ್ದ ಕಾರ್ಖಾನೆಯಲ್ಲಿ ಒಂದು ಲೇತ್ ಮೇಲೆ ದಿನಾ ಕಂತೆಗಟ್ಟಲೆ ರಿಜೆಕ್ಷನ್ ಬರ್ತಿತ್ತು. ದೃಷ್ಟಿ ಆಗಿದೆ ಅಂತ ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟಿದರು, ಕಾಯಿ ಒಡೆದರು. ಮೂರು ವಾರ ಫಿಕ್ಸ್ಚರ್ ಬಿಚ್ಚಿ ನೋಡೋ ಗೋಜಿಗೆ ಯಾರೂ ಹೋಗಲಿಲ್ಲ. ಅಷ್ಟೂ ದಿನ ಬೈಸಿಕೊಂಡವನು ಆಪರೇಟರ್. ಕೊನೆಗೆ ನೋಡಿದರೆ ಪಿನ್ ಒಂದು ಸವೆದು ಹೋಗಿತ್ತು. ಬದಲಾಯಿಸಿದ್ವಿ, ಸರಿಹೋಯ್ತು. ಹೆಸರು ಬಂದದ್ದು ನಿಂಬೆಹಣ್ಣಿಗೆ.

ಸ್ಟಾಫರ್ಡ್ ಆ ಆಪರೇಟರ್. 2009ರಲ್ಲಿ ಬಂದ, ಮೊದಲ ಆಯ್ಕೆಯಾಗಿ. ಓದಿದ್ದು ಲೇನ್ ಓದಿದ ಡಲ್ಲಾಸ್‌ನ ಹೈಲ್ಯಾಂಡ್ ಪಾರ್ಕ್ ಹೈಸ್ಕೂಲಿನಲ್ಲೇ, ಕಥೆಗಾರರಿಗೆ ಹಬ್ಬ! ಆ ವರ್ಷವೇ ಕ್ಲೀವ್‌ಲ್ಯಾಂಡ್ ಎದುರು ಭುಜದ ಕೀಲು ತಪ್ಪಿದರೂ ಮತ್ತೆ ಒಳಗೆ ಬಂದು ಕೊನೆಯ ಎಸೆತದಲ್ಲಿ ಗೆಲ್ಲಿಸಿದ. 2011ರಲ್ಲಿ 5,038 ಗಜ. ಪ್ಲೇಆಫ್‌ನಲ್ಲಿ ಮೂರಕ್ಕೆ ಮೂರೂ ಸೋತದ್ದು ನಿಜ, ಕೆಲವು ಸೋಲಿನಲ್ಲಿ ಅವನ ಪಾಲೂ ಇತ್ತು, ಒಪ್ಪಿದೆ. ಆದ್ರೆ 2013ರ ನವೆಂಬರ್‌ನಿಂದ 2018ರ ಸೆಪ್ಟೆಂಬರ್‌ವರೆಗೆ ಆ ಟೀಮಿನ ಒಬ್ಬನೇ ಒಬ್ಬ ಓಟಗಾರ ಒಂದು ಆಟದಲ್ಲೂ ನೂರು ಗಜ ಓಡಲಿಲ್ಲ. ಎದುರಾಳಿಗೆ ಮುಂಚೆಯೇ ಗೊತ್ತು, ಇವನು ಎಸೀತಾನೆ ಅಂತ. ಬ್ಯಾರಿ ಸ್ಯಾಂಡರ್ಸ್‌ನಂಥ ಓಟಗಾರ 1999ರಲ್ಲಿ ದಾಖಲೆ ಕೈಗೆಟುಕುವ ಹೊತ್ತಿಗೆ ಫ್ಯಾಕ್ಸ್ ಕಳಿಸಿ ಆಟ ಬಿಟ್ಟ ಟೀಮಿದು. 2021ರಲ್ಲಿ ಸ್ಟಾಫರ್ಡ್ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಹೋದ, ಮುಂದಿನ ಫೆಬ್ರವರಿಯಲ್ಲೇ ಸೂಪರ್ ಬೌಲ್ ಗೆದ್ದ. ಅವನ ಕೈ ಅದೇ, ಬದಲಾದದ್ದು ಅವನ ಸುತ್ತ ಇದ್ದವರು.

ಅವನ ಬದಲಿಗೆ ಡೆಟ್ರಾಯ್ಟ್‌ಗೆ ಬಂದದ್ದು ಜೇರೆಡ್ ಗಾಫ್, ಜೊತೆಗೆ ಎರಡು ಮೊದಲ ಸುತ್ತಿನ, ಒಂದು ಮೂರನೇ ಸುತ್ತಿನ ಆಯ್ಕೆ. ಬ್ರ್ಯಾಡ್ ಹೋಮ್ಸ್, ಡ್ಯಾನ್ ಕ್ಯಾಂಪ್‌ಬೆಲ್ ಬಂದರು. ಅಮಾನ್-ರಾ ಸೇಂಟ್ ಬ್ರೌನ್‌ನನ್ನು ನಾಲ್ಕನೇ ಸುತ್ತಿನಲ್ಲಿ, 112ನೆಯವನಾಗಿ ಆರಿಸಿದರು. ಮೊದಲ ವರ್ಷ ಮೂರು ಗೆಲುವು, ಆಮೇಲೆ ಒಂಬತ್ತು, ಆಮೇಲೆ ಹನ್ನೆರಡು, 2024ರಲ್ಲಿ ಹದಿನೈದು. ಯಾರೂ ಶಾಂತಿ ಮಾಡಿಸಲಿಲ್ಲ. ಮಾಲೀಕರು ಅದೇ ಫೋರ್ಡ್ ಮನೆಯವರೇ, ತಂದೆ ಹೋಗಿ, ತಾಯಿ ನಡೆಸಿ, ಮಗಳ ಕೈಗೆ ಬಂದಿತ್ತು ಅಷ್ಟೆ. ಹಾಗಾಗಿ ಆ ಮನೆತನವೇ ದರಿದ್ರ ಅನ್ನೋರಿಗೂ ಇಲ್ಲಿ ಜಾಗ ಇಲ್ಲ. ಅದೂ ಇನ್ನೊಂದು ಬಗೆಯ ಶಾಪವೇ.

2024ರ ಜನವರಿ 14. ಸ್ಟಾಫರ್ಡ್ ಎದುರಾಳಿಯಾಗಿ ಡೆಟ್ರಾಯ್ಟ್‌ಗೆ ಬಂದ. ಎರಡು ವರ್ಷದ ಹಿಂದೆ ಅವನಿಗಾಗಿ ಸೂಪರ್ ಬೌಲ್ ನೋಡಿ ಚಪ್ಪಾಳೆ ಹೊಡೆದ ಊರೇ ಮೈದಾನದಲ್ಲಿ ಹೋ ಅಂತ ಬೂ ಹಾಕಿತು. ಲಯನ್ಸ್ 24-23ರಲ್ಲಿ ಗೆದ್ದಿತು, ಮೂವತ್ತೆರಡು ವರ್ಷದ ಮೇಲೆ. ಗೆದ್ದದ್ದು ಖುಷಿ. ಬೂ ಹಾಕಿದ್ದು ಮಾತ್ರ ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಲೇನ್‌ಗೆ ಆಗಿರೋ ಅನ್ಯಾಯ ಇನ್ನೂ ದೊಡ್ಡದು. ಮುಖಕ್ಕೆ ಜಾಲರಿ ಕೂಡ ಇಲ್ಲದೆ ಆಡಿದ ಮನುಷ್ಯ. 1953ರ ಫೈನಲ್‌ನ ಕೊನೆಯಲ್ಲಿ ಜಿಮ್ ಡೋರನ್‌ಗೆ 33 ಗಜ ಎಸೆದು 17-16ಕ್ಕೆ ಗೆಲ್ಲಿಸಿದವನು. ಇವತ್ತು ಅವನ ಹೆಸರು ಹೇಳಿದರೆ ಈ ಹುಡುಗರಿಗೆ ನೆನಪಾಗೋದು ಬಾಯಲ್ಲಿ ಬಂತೋ ಇಲ್ಲವೋ ಗೊತ್ತಿಲ್ಲದ ಒಂದು ಬೈಗುಳ. ಮುಂದಿನ ಭಾನುವಾರ ಮತ್ತೆ ಬರ್ತಾರಂತೆ. ಈ ಸಲ ಚಹಾ ಕುಡೀತಾ ಸುಮ್ನೆ ಕೂರೋದಿಲ್ಲ.